ಹಿಂತಿರುಗಿಸಿದ ಬಟ್ಟಲು

ಆ ಕಂದು ನಿಲುವಂಗಿಯನ್ನು ದೈಫಲ್ಲಾ ಏಳು ವರ್ಷದಿಂದ ಹೆಗಲಿಗೆ ಹಾಕಿರಲಿಲ್ಲ. ಪೆಟ್ಟಿಗೆಯಿಂದ ತೆಗೆದು ಕೊಡವಿದಾಗ ನುಸಿಗುಳಿಗೆಯ ವಾಸನೆಯ ಹಿಂದೆಯೇ ಇನ್ನೊಂದು ವಾಸನೆ ಬಂತು, ಏಲಕ್ಕಿ ಹಾಕಿ ಕುದಿಸಿದ ಕಹಿ ಕಾಫಿಯದು. ಬಟ್ಟೆಯಲ್ಲಿ ಕಾಫಿಯ ವಾಸನೆ ಅಷ್ಟು ಕಾಲ ನಿಲ್ಲುವುದುಂಟೆ, ಇದು ನನ್ನ ಮೂಗಿನ ಕಾಟ ಎಂದುಕೊಂಡ. ಆದರೂ ಅಂಗಿಯನ್ನು ಮುಖದಿಂದ ದೂರ ಹಿಡಿದುಕೊಂಡೇ ಮಗಳ ಕೈಗೆ ಕೊಟ್ಟ. ಅಮ್ಶಾ ಅದನ್ನು ಕಂಬಳಿಯ ಮೇಲೆ ಹರವಿ ಇಸ್ತ್ರಿ ಮಾಡತೊಡಗಿದಳು. ಬೆಳಗಿನ ನಮಾಜಿನಲ್ಲಿ ಅವನು ತಪ್ಪು ಮಾಡಿದ್ದ. ಎರಡೇ ಸಲ ಬಾಗಿ ಮುಗಿಸಬೇಕಾದ ಪ್ರಾರ್ಥನೆಯಲ್ಲಿ ಮೂರನೆಯದಕ್ಕೆ ಎದ್ದು ನಿಂತುಬಿಟ್ಟಿದ್ದ. ಅರವತ್ತು ವರ್ಷದ ಅಭ್ಯಾಸವೂ ಕೈಕೊಡುತ್ತದೆಂದರೆ ಇನ್ನು ಯಾವುದನ್ನು ನೆಚ್ಚಿಕೊಳ್ಳುವುದು ಎಂದು ಯೋಚಿಸುತ್ತ, ಸಿಮೆಂಟು ಗೋದಾಮಿನ ಗೋಡೆಗೆ ಅಂಟಿಕೊಂಡ ಆ ಬಾಡಿಗೆ ಕೋಣೆಯಲ್ಲಿ ಅವನು ಕೈ ಜೋತುಬಿಟ್ಟುಕೊಂಡು ನಿಂತಿದ್ದ.

"ಅಪ್ಪಾ, ಅಲ್ಲಾಡ್ಬೇಡ, ಹೆಗಲ ಹತ್ರ ಸುಕ್ಕು ಹಾಗೇ ಇದೆ," ಎಂದಳು ಅಮ್ಶಾ, ಅಂಗಿಯನ್ನು ಅವನ ಮೈಮೇಲೆ ಹೊದಿಸಿ.

"ಇರ್ಲಿ ಬಿಡೆ. ಏನು, ಮದುವೆಗೆ ಹೊರಟಿದೀನಾ?"

"ಮದುವೆಗಾದ್ರೆ ಸುಕ್ಕಿದ್ರೂ ಯಾರೂ ನೋಡ್ತಿರ್ಲಿಲ್ಲ. ಇವತ್ತು ಎಲ್ಲಾರೂ ನಿನ್ನೇ ನೋಡ್ತಾರೆ."

ಅವಳು ಅದನ್ನು ನಗುತ್ತಲೇ ಹೇಳಿದಳು. ಮದುವೆ ಎಂಬ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವನು ನಾಲಿಗೆ ಕಚ್ಚಿಕೊಂಡ. ಅಣ್ಣನಿಗೆ ಶಿಕ್ಷೆಯಾದ ವಾರವೇ ಅವಳ ನಿಶ್ಚಿತಾರ್ಥದ ಉಂಗುರ ಯಾರದೋ ಕೈಲಿ ವಾಪಸು ಹೋಗಿತ್ತು. ಆಮೇಲೆ ಆ ಮಾತನ್ನು ಯಾರೂ ಎತ್ತಿರಲಿಲ್ಲ. ಎತ್ತದೆ ಇರುವುದೇ ದಯೆ ಎಂದು ನಡೆದುಕೊಳ್ಳುವ ಜನರ ನಡುವೆ ಅವನು ಬದುಕುತ್ತಿದ್ದ. ಹಿರಿಯ ಮಗನ ಹೆಸರಿನಿಂದ ಅವನು ಅಬೂ ಹಾಯಿಲ್, ಹಾಯಿಲನ ಅಪ್ಪ. ಈ ಊರಿನ ದಿನಸಿ ಅಂಗಡಿಯವನು ಮಗ ಜೈಲಿನಲ್ಲಿರುವ ಸಂಗತಿ ತಿಳಿದ ದಿನದಿಂದ ಅವನನ್ನು ಹಾಜಿ ಎಂದು ಕರೆಯತೊಡಗಿದ್ದ. ಕೇಳುವವರಿಗೆ ಅದು ಗೌರವ. ಆದರೆ ಆ ಗೌರವದ ಅಡಿಯಲ್ಲಿ ಮಗನ ಹೆಸರನ್ನು ಬಟ್ಟೆ ಮುಚ್ಚಿ ಇಟ್ಟಿದ್ದಾರೆಂದು ಅವನಿಗೆ ಗೊತ್ತಾಗುತ್ತಿತ್ತು, ಮನೆಯಲ್ಲಿ ಸಾವಾದಾಗ ಕನ್ನಡಿಗೆ ಬಟ್ಟೆ ಮುಚ್ಚುವ ಹಾಗೆ. ಹೆಂಡತಿ ವದ್‌ಹಾ ಇದ್ದಾಗ ಒಮ್ಮೆ ಅಂಗಡಿಗೆ ಹೋಗಿ, ಅವರನ್ನ ಅಬೂ ಹಾಯಿಲ್ ಅಂತಲೇ ಕರಿ, ನನ್ನ ಮಗ ಸತ್ತಿಲ್ಲ ಎಂದು ಹೇಳಿ ಬಂದಿದ್ದಳು. ಹೋದ ಚಳಿಗಾಲದಲ್ಲಿ ಅವಳೇ ಸತ್ತಳು.

ಅವಳು ಅವನನ್ನು ಒಂದು ದಿನವೂ ಬೈದಿರಲಿಲ್ಲ. ಕಾಫಿ ಮಾಡುವುದನ್ನು ನಿಲ್ಲಿಸಿದಳು, ಅಷ್ಟೆ. ಹುರಿಯುವ ಬಾಣಲೆಯನ್ನೂ ಹಿತ್ತಾಳೆಯ ಹೂಜಿಯನ್ನೂ ಮೂಟೆ ಕಟ್ಟಿ ಅಟ್ಟದ ಮೇಲಿಟ್ಟಳು. ಮನೆಗೆ ಯಾರು ಬಂದರೂ ಚಹಾ. ಬಂದವರು ಹುಬ್ಬೇರಿಸುತ್ತಿದ್ದರು, ಅತಿಥಿಗೆ ಕಾಫಿ ಕೊಡದ ಮನೆಯೂ ಒಂದು ಮನೆಯೇ ಎನ್ನುವಂತೆ. ಸಾಯುವ ಮುಂಚೆ ಅವನ ತೋಳು ಹಿಡಿದು, ಹೇಗಾದ್ರೂ ಮಾಡಿ ಅವನನ್ನ ಕರ್ಕೊಂಡು ಬಾ ಎಂದಳು. ಹೇಗಾದ್ರೂ ಎಂಬ ಮಾತನ್ನು ಎರಡು ಸಲ ಹೇಳಿದಳು. ಹಾಯಿಲ್ ಹೇಳಿದ್ದು ಬೇರೆ. ಕಳೆದ ಭೇಟಿಯಲ್ಲಿ, ಗಾಜಿನ ಆಚೆ, ಫೋನನ್ನು ಕಿವಿಗೆ ಒತ್ತಿಕೊಂಡು, ಅಪ್ಪಾ, ಅವರ ಮನೆ ಕಾಫಿ ಇನ್ನೊಂದ್ಸಲ ಕುಡೀಬೇಡ ಎಂದಿದ್ದ. ಅವನ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಮುದುಕನಿಗೆ ಆ ಬಿಳಿ ಕೂದಲನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಕುಡಿದ್ರೆ ನೀನು ಹೊರಗೆ ಬರ್ತೀಯ," ಎಂದಿದ್ದ ಅವನು. "ಸತ್ತವನ ಮನೆಯವರು ಕ್ಷಮಿಸಿದ್ರೆ ಶಿಕ್ಷೆ ಅರ್ಧಕ್ಕಿಳಿಯುತ್ತೆ. ಅರ್ಧ ಆಗ್ಲೇ ಕಳೆದಿದೆ. ವಕೀಲರೇ ಹೇಳಿದಾರೆ."

"ಕ್ಷಮಿಸೋದು ಯಾರನ್ನ?"

"ಹಾಯಿಲ್..."

"ಯಾರನ್ನ ಅಂತ ಕೇಳ್ದೆ. ಅಪ್ಪಾ, ನೀನು ಕುಡಿದಿದ್ದಕ್ಕೆ ನಾನು ಕೊಲೆಗಾರ ಆದೆ. ಇಲ್ಲಿ ಕೆಲವು ದಿನ ನನಗೇ ಅನುಮಾನ ಬರುತ್ತೆ, ಕೊಂದು ಮರೆತುಬಿಟ್ಟೆನೋ ಏನೋ ಅಂತ. ನೀನು ಮತ್ತೆ ಕುಡಿದ್ರೆ ಆ ಅನುಮಾನಾನೂ ಹೋಗುತ್ತೆ. ನಾನೇ ಕೊಂದೆ ಅಂತ ಆಗಿಬಿಡುತ್ತೆ. ಇನ್ನೂ ಅಷ್ಟು ವರ್ಷ ಇಲ್ಲೇ ಇರ್ತೀನಿ, ಪರವಾಗಿಲ್ಲ. ಕುಡೀಬೇಡ."

ಹೊರಗೆ ಸೋದರಳಿಯ ಖಲಫ್ ಕಾರಿನ ಹಾರ್ನು ಹೊಡೆದ. ದೈಫಲ್ಲಾ ಅಂಗಿಯ ಅಂಚನ್ನು ಎತ್ತಿ ಹಿಡಿದು ಹೊಸ್ತಿಲು ದಾಟಿದ. ಅಮ್ಶಾ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದಳು. ಆ ಕೈಯ ಬೆರಳುಗಳನ್ನು ನೋಡದಿರಲು ಅವನು ಚಪ್ಪಲಿಯನ್ನೇ ನೋಡುತ್ತ ಹೋದ.

"ಮಾಮಾ, ನಿನ್ನ ಮುಖ ನೋಡಿದ್ರೆ ಅವರು ಇನ್ನೊಂದೇಳು ವರ್ಷ ಸೇರಿಸಿ ಕೊಡ್ತಾರೆ. ಸ್ವಲ್ಪ ನಗು," ಎಂದ ಖಲಫ್, ಗೇರು ಬದಲಿಸುತ್ತ. "ಹೋಗಿದ್ದು ಹೋಯ್ತು. ಇವತ್ತು ಒಂದು ಗುಟುಕು, ಮಧ್ಯಾಹ್ನ ಕುರಿ ಮಾಂಸ, ಸಾಯಂಕಾಲ ಹಾಯಿಲ್‌ಗೆ ಶುಭಸುದ್ದಿ. ಹಬ್ಬದ ಹೊತ್ತಿಗೆ ಅವನು ಮನೇಲಿ."

"ಒಂದು ಗುಟುಕು," ಎಂದ ದೈಫಲ್ಲಾ.

"ಏನಂದೆ?"

"ಏನಿಲ್ಲ. ರಸ್ತೆ ನೋಡು."

ಏಳು ವರ್ಷದ ಹಿಂದೆ, ಅವತ್ತೂ ಒಂದೇ ಗುಟುಕು. ಬೆಳಿಗ್ಗೆ ಕಾಲುವೆಯ ನೀರಿನ ಸರದಿಗಾಗಿ ಹಾಯಿಲ್‌ಗೂ ಊರಿನ ಇನ್ನೊಂದು ಕುಲದ ನಹಾರ್‌ಗೂ ಎಲ್ಲರೆದುರು ಮಾತಿಗೆ ಮಾತು ಬೆಳೆದಿತ್ತು. ಸ್ವಲ್ಪ ಹೊತ್ತಿಗೆ ಪಂಪು ಮನೆಯ ಹಿಂದೆ ನಹಾರ್ ತಲೆ ಒಡೆದು ಸತ್ತು ಬಿದ್ದಿದ್ದ. ಪೊಲೀಸರು ಹಾಯಿಲ್‌ನನ್ನು ಟೊಮೇಟೊ ಸಾಲಿನ ನಡುವಿನಿಂದಲೇ ಎತ್ತಿಕೊಂಡು ಹೋದರು. ಅವನ ಕೈಯಲ್ಲಿ ಮಣ್ಣಿತ್ತು, ರಕ್ತವಿರಲಿಲ್ಲ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಮಧ್ಯಾಹ್ನದ ಬಾಂಗ್ ಆಗುವಷ್ಟರಲ್ಲಿ ನಹಾರ್‌ನ ಕಡೆಯವರು ಪೆಟ್ರೋಲು ಡಬ್ಬ ಹಿಡಿದು ಬೀದಿಗೆ ಇಳಿದಿದ್ದರು. ಎಲ್ಲರಿಗಿಂತ ಮುಂದೆ ನಹಾರ್‌ನ ದೊಡ್ಡಪ್ಪನ ಮಗ ಸತ್ತಾಮ್, ಅಂಗಿ ಹರಿದುಕೊಂಡು ಕೂಗುತ್ತಿದ್ದ. ದೈಫಲ್ಲಾನ ಕುಲದ ಹೆಂಗಸರು ಮಕ್ಕಳನ್ನು ಲಾರಿಗಳಿಗೆ ಹತ್ತಿಸುತ್ತಿದ್ದರು. ರಾಜಿ ಮಾಡಿಸುವ ಹಿರಿಯ ಶೇಖ್ ಗಾಲಿಬ್ ಬಂದು ಅವನ ಮುಂದೆ ನಿಂತ. ಈ ಹೊತ್ತು ಅತ್ವಾ ಸಿಗದಿದ್ದರೆ, ಎರಡೂ ಕಡೆಯವರು ಕೈ ತಡೆಯುವ ಒಪ್ಪಂದ ಆಗದಿದ್ದರೆ, ಸಂಜೆಗೆ ನಿನ್ನ ತಮ್ಮಂದಿರ ಹೆಣ ಎತ್ತಬೇಕಾಗುತ್ತದೆ ಎಂದ. ಅತ್ವಾದಲ್ಲಿ ಎರಡು ಬಗೆಯಿತ್ತು. ತನಿಖೆ ಮುಗಿಯುವ ತನಕ ತಡೆಯಿರಿ ಎನ್ನುವುದು ಒಂದು. ರಕ್ತ ನಮ್ಮದೇ ಎಂದು ಒಪ್ಪಿಕೊಂಡು ಬೇಡುವುದು ಇನ್ನೊಂದು. ಮೊದಲನೆಯದಕ್ಕೆ ಅವರು ಒಪ್ಪಲ್ಲ ಎಂದ ಶೇಖ್. ಒಪ್ಪುತ್ತಾರೋ ಇಲ್ಲವೋ, ಒಮ್ಮೆ ಕೇಳಿ ನೋಡು ಎಂದು ದೈಫಲ್ಲಾ ಹೇಳಬಹುದಿತ್ತು. ಹೇಳಲಿಲ್ಲ. ಆ ಹೇಳದ ಮಾತನ್ನು ಅವನು ಏಳು ವರ್ಷದಿಂದ ದಿನವೂ ಹೇಳುತ್ತಿದ್ದ, ಗೋದಾಮಿನ ಗೋಡೆಗೆ, ಜೈಲಿನ ಬಸ್ಸಿನ ಕಿಟಕಿಗೆ, ವದ್‌ಹಾಳ ಗೋರಿಗೆ.

"ಹುಡುಗ ಮಾಡಿಲ್ಲ ಅಂತಾನಂತೆ," ಎಂದಿದ್ದ ಅಷ್ಟೆ.

"ಮಾಡ್ಲಿ ಬಿಡ್ಲಿ, ಈ ಮಾತು ಮನೆತನದ್ದು ಕಣಯ್ಯ, ಹುಡುಗನದ್ದಲ್ಲ," ಎಂದಿದ್ದ ಶೇಖ್. "ಹಿಂದಿನಿಂದ ಬಂದ ಪದ್ಧತಿ. ಕೋರ್ಟಿಗೂ ಇದಕ್ಕೂ ಏನು ಸಂಬಂಧ? ಬಾ."

ಅವನು ಹೋದ. ತಲೆಗೆ ಕಟ್ಟಿದ ಕಪ್ಪು ಹುರಿಯನ್ನು ತೆಗೆದು ಕೊರಳಿಗೆ ಹಾಕಿಕೊಂಡು, ರಕ್ತದ ಹೊಣೆ ನಮ್ಮ ಕೊರಳಿಗೆ ಎಂದ. ಹೊಣೆ ಒಪ್ಪಿದ್ದರ ಗುರುತಾಗಿ ಅವರು ಕೊಟ್ಟ ಕಾಫಿಯನ್ನು ಕುಡಿದ. ಪೆಟ್ರೋಲು ಡಬ್ಬಗಳು ಹಿಂದೆ ಹೋದವು. ಆಮೇಲೆ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲ, ಇಸ್ತ್ರಿ ಮುರಿಯದ ಕೋಟಿನ ಚಿಕ್ಕ ವಯಸ್ಸಿನವನು, ಕುಡಿದೆಯೋ ಇಲ್ಲವೋ ಎಂದು ಕೇಳಿದ. ಕುಡಿದೆ ಸ್ವಾಮಿ. ರಕ್ತದ ಹೊಣೆ ನಮ್ಮ ಕೊರಳಿಗೆ ಅಂದೆಯೋ ಇಲ್ಲವೋ? ಅಂದೆ, ಆದರೆ ಅದು... ಅಷ್ಟು ಸಾಕು, ಕೂತ್ಕೊ. ಹೆತ್ತ ತಂದೆಯೇ ಒಪ್ಪಿಕೊಂಡಿರುವಾಗ ಎಂದು ವಕೀಲ ನ್ಯಾಯಾಧೀಶರ ಕಡೆ ತಿರುಗಿದ. ಹೆತ್ತ ತಂದೆ ಬೆಂಚಿನ ಮೇಲೆ ಕೂತು, ತನ್ನ ಬಾಯನ್ನು ಬೇರೆ ಯಾರೋ ತೆಗೆದುಕೊಂಡು ಹೋಗಿ ಅದರಿಂದ ಮಾತಾಡುತ್ತಿರುವುದನ್ನು ಕೇಳಿಸಿಕೊಂಡ. ತಾನು ಮಾಡಿಲ್ಲವೆಂದು ಹಾಯಿಲ್ ಕೊನೆಯವರೆಗೂ ಹೇಳಿದ್ದರಿಂದ ಪಶ್ಚಾತ್ತಾಪದ ಸುಳಿವಿಲ್ಲ, ಕನಿಕರಕ್ಕೆ ಆಸ್ಪದವಿಲ್ಲ ಎಂದು ಹದಿನಾಲ್ಕು ವರ್ಷ ಬರೆದರು. ಅದೇ ಬೆಳಿಗ್ಗೆ, ಅದೇ ಕಟಕಟೆಯಲ್ಲಿ, ಭಾವಮೈದುನನನ್ನು ಹಾಡಹಗಲೇ ಗುಂಡಿಟ್ಟು ಕೊಂದಿದ್ದ ಗುತ್ತಿಗೆದಾರನ ಮಗ ಅತ್ತು ಕ್ಷಮೆ ಕೇಳಿದ. ಸತ್ತವನ ಮನೆಯವರು ಕ್ಷಮಿಸಿದ್ದೇವೆ ಎಂದರು. ಅವನು ಆ ಬೇಸಿಗೆಗೇ ಮನೆಗೆ ಹೋದ. ಹೋಗುವಾಗ ಮೊಗಸಾಲೆಯಲ್ಲಿ ಸಿಹಿ ಹಂಚಿದರು. ದೈಫಲ್ಲಾನ ಕೈಗೂ ಒಂದು ತುಂಡು ಬಂತು. ಬೇಡ ಎನ್ನಲು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ. ಸಕ್ಕರೆ ಪಾಕ ಮೊಣಕೈ ತನಕ ಇಳಿದಿತ್ತು.

ಕಾರು ಊರೊಳಗೆ ಬಂತು. ಖಲಫ್ ನಿಧಾನ ಮಾಡಿದ. ಬೀಗ ಹಾಕಿದ ತನ್ನ ಮನೆಯ ಬಾಗಿಲನ್ನು ದೈಫಲ್ಲಾ ನೋಡಿದ. ಕೊಲೆಯ ದಿನ ಊರು ಬಿಟ್ಟವರು ರಾಜಿಯಾಗುವ ತನಕ ಮರಳುವಂತಿರಲಿಲ್ಲ. ಅಂಜೂರದ ಗಿಡ ಗೋಡೆ ದಾಟಿ ಬೀದಿಗೆ ಬಾಗಿತ್ತು. ಯಾರೋ ಅದರ ಕೊಂಬೆಗೆ ಕತ್ತೆ ಕಟ್ಟಿದ್ದರು. ಅದು ಅವನಿಗೆ ಅಷ್ಟೇನೂ ನೋವು ಕೊಡಲಿಲ್ಲ. ಕತ್ತೆಗಾದರೂ ನೆರಳಾಯಿತಲ್ಲ ಎಂದುಕೊಂಡ.

ನಹಾರ್‌ನ ಕುಲದವರ ಚಾವಡಿಯ ಮುಂದೆ ಕುರ್ಚಿಗಳನ್ನು ಎದುರುಬದುರಾಗಿ ಸಾಲಿಟ್ಟಿದ್ದರು. ಬೇಡುವವರ ಸಾಲಿನಲ್ಲಿ ಶೇಖ್ ಗಾಲಿಬ್, ಪಕ್ಕದ ಊರುಗಳ ಹಿರಿಯರು, ಜಿಲ್ಲಾ ಕಚೇರಿಯ ಒಬ್ಬ ಅಧಿಕಾರಿ. ದೈಫಲ್ಲಾನಿಗೆ ಮೂಲೆಯ ಕುರ್ಚಿ. ಮಧ್ಯಾಹ್ನದ ನಮಾಜಿಗೆ ಮುಂಚೆ ಕೈಕಾಲು ತೊಳೆಯಲೆಂದು ಅವನು ಚಾವಡಿಯ ಹಿಂದಿನ ನಲ್ಲಿಗೆ ಹೋದ. ನಲ್ಲಿಯಲ್ಲಿ ಆಗಲೇ ಒಬ್ಬ ಮುದುಕ ಮೊಣಕೈ ತೊಳೆಯುತ್ತಿದ್ದ. ಅಬೂ ನಹಾರ್, ಸತ್ತವನ ತಂದೆ. ಅವನು ಸರಿದು ಜಾಗ ಬಿಟ್ಟ. ಇಬ್ಬರೂ ಒಂದೇ ನೀರಿನಲ್ಲಿ ಮುಖ ತೊಳೆದರು. ವಯಸ್ಸಿನಲ್ಲಿ ಒಂದೇ ಓರಗೆಯವರು, ಒಮ್ಮೆ ಒಂದೇ ಬಾವಿಯಲ್ಲಿ ಈಜಿದವರು.

"ಅಬೂ ಹಾಯಿಲ್," ಎಂದ ಅವನು. ಅವನ ಬಾಯಿಂದ ಆ ಹೆಸರು ಪೂರ್ತಿಯಾಗಿ ಬಂದದ್ದು ದೈಫಲ್ಲಾನಿಗೆ ವಿಚಿತ್ರವೆನಿಸಿತು. "ರಕ್ತದ ಹಣ ಬೇಡ ಅಂತ ಹೇಳಿ ಕಳಿಸಿದ್ದೆ, ತಿಳೀತಾ?"

"ತಿಳೀತು. ಅಲ್ಲಾ ನಿನಗೆ ಒಳ್ಳೇದು ಮಾಡ್ಲಿ."

"ಯಾಕೆ ಬೇಡ ಅಂದೆ, ಅದು ಗೊತ್ತಾ?"

ನಲ್ಲಿ ತೊಟ್ಟಿಕ್ಕುತ್ತಿತ್ತು.

"ಈ ವಸಂತದಲ್ಲಿ ನನ್ನ ಅಣ್ಣನ ಮಗ ಸತ್ತಾಮ್‌ನ ಲಾರಿ ಮಗುಚಿಬಿತ್ತಲ್ಲ, ಆಸ್ಪತ್ರೇಲಿ ಪ್ರಾಣ ಹೋಗೋ ಮುಂಚೆ ಅವನು ತಾಯಿ ಹತ್ರ ಬಾಯಿ ಬಿಟ್ಟ. ಪಂಪು ಮನೆ ಹಿಂದೆ ಇದ್ದಿದ್ದು ಅವನು. ಅವರಿಬ್ಬರ ನಡುವೆ ಏನೋ ಮಾತು. ಹೊಡೆದುಬಿಟ್ಟ." ಅಬೂ ನಹಾರ್ ತನ್ನ ಒದ್ದೆ ಕೈಗಳನ್ನು ನೋಡಿಕೊಂಡ. "ನಿನ್ನ ಮಗ ಅಲ್ಲ."

ಕಿವಿಯೊಳಗೆ ನೀರು ಹೊಕ್ಕ ಹಾಗೆ ಆಯಿತು. ಏಳು ವರ್ಷ ಕಾದ ಮಾತು ಹೀಗೆ ನಲ್ಲಿಯ ಹತ್ತಿರ, ತೊಟ್ಟಿಕ್ಕುವ ಸದ್ದಿನ ನಡುವೆ ಬರುತ್ತದೆಂದು ಅವನು ಎಣಿಸಿರಲಿಲ್ಲ. ಸಂತೋಷವಾಗಬೇಕಿತ್ತು. ಅದರ ಬದಲು, ಪೆಟ್ರೋಲು ಡಬ್ಬ ಹಿಡಿದು ಕೂಗುತ್ತಿದ್ದ ಸತ್ತಾಮ್‌ನ ಹರಿದ ಅಂಗಿ ಕಣ್ಣಿಗೆ ಬಂತು.

"ಹಾಗಾದ್ರೆ ಅದನ್ನ ಅಲ್ಲಿ ಬಂದು ಹೇಳು," ಎಂದ.

"ಹೇಳಲ್ಲ. ಮನೆಯೊಳಗಿನ ರಕ್ತ ಅಂತ ಗೊತ್ತಾದ್ರೆ ನನ್ನ ಉಳಿದ ಮಕ್ಕಳು ಅಣ್ಣನ ಉಳಿದ ಮಕ್ಕಳನ್ನ ಬಿಡಲ್ಲ. ಒಬ್ಬನ್ನ ಮಣ್ಣು ಮಾಡಿದೀನಿ, ಸಾಕು. ನೀನು ಹೇಳಿದ್ರೆ ಸುಳ್ಳು ಅಂತೀನಿ. ಕುರಾನ್ ಮುಟ್ಟಿ ಆಣೆ ಇಡ್ತೀನಿ."

"ಇದೇ ಕೈಯಲ್ಲಿ ಮುಟ್ತೀಯಾ? ಈಗ ತೊಳೆದೆಯಲ್ಲ, ಅದೇ ಕೈಯಲ್ಲಿ?"

ಅಬೂ ನಹಾರ್ ಆ ಪೆಟ್ಟನ್ನು ತಲೆ ತಗ್ಗಿಸಿ ತಿಂದ. "ಹೂಂ, ಅದೇ ಕೈಯಲ್ಲಿ," ಎಂದ. "ನಿನ್ನ ಮಗ ಬದುಕಿದಾನೆ ಅಬೂ ಹಾಯಿಲ್. ಬಟ್ಟಲು ಕುಡಿ, ಕರ್ಕೊಂಡು ಹೋಗು. ನನಗೆ ಆ ಭಾಗ್ಯಾನೂ ಇಲ್ಲ."

ನಮಾಜಿನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ, ಹೆಗಲಿಗೆ ಹೆಗಲು ತಾಗಿಸಿ ನಿಂತರು. ಹಣೆ ನೆಲಕ್ಕೆ ಇಟ್ಟಾಗ ದೈಫಲ್ಲಾ ತನ್ನ ಒಡೆಯನ ಮುಂದೆ ಏನನ್ನೂ ಬೇಡಲಾರದೆ ಹೋದ. ಸತ್ಯವನ್ನು ಕೊಡು ಎನ್ನಲೇ, ಅದನ್ನು ನಲ್ಲಿಯ ಹತ್ತಿರ ಕೊಟ್ಟಾಗಿತ್ತು. ಮಗನನ್ನು ಕೊಡು ಎನ್ನಲೇ, ಅವನು ಬಟ್ಟಲಿನೊಳಗಿದ್ದ. ಎರಡೂ ಸಿಕ್ಕಿವೆ, ಆದರೆ ಒಂದನ್ನು ಎತ್ತಿಕೊಳ್ಳಬೇಕಾದರೆ ಇನ್ನೊಂದನ್ನು ಕೆಳಗೆ ಹಾಕಬೇಕು. ಹೇಗಾದ್ರೂ ಎಂದು ವದ್‌ಹಾ ಹೇಳಿದಳು. ಕುಡೀಬೇಡ ಎಂದು ಹಾಯಿಲ್ ಹೇಳಿದ. ಪಕ್ಕದಲ್ಲಿ ಅಬೂ ನಹಾರ್‌ನ ಉಸಿರು ಗೊರಗೊರ ಎನ್ನುತ್ತಿತ್ತು. ಎದೆಯ ಬೇನೆ ಇರಬೇಕು. ಇವನನ್ನು ದ್ವೇಷಿಸಲೂ ಆಗುವುದಿಲ್ಲವಲ್ಲ ಎಂದು ಅವನಿಗೆ ಸಿಟ್ಟು ಬಂತು.

ಮೊದಲ ಬಟ್ಟಲು ಶೇಖ್ ಗಾಲಿಬನಿಗೆ ಬಂತು. ಅವನು ಅದನ್ನು ತುಟಿಗೆ ತಾಗಿಸದೆ ತನ್ನ ಮುಂದಿನ ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಬೇಡಿಕೆಯಿಟ್ಟು ಬಂದವನು ಹಾಗೆಯೇ ಮಾಡಬೇಕು. ಬಟ್ಟಲನ್ನು ಕೆಳಗಿಟ್ಟವನನ್ನು ಏನು ಬೇಕು ಎಂದು ಮನೆಯವನು ಕೇಳಲೇಬೇಕು. ಕೇಳದಿದ್ದರೆ ಅವನ ಮನೆಗೆ ಮರ್ಯಾದೆಯಿಲ್ಲ. ಅಬೂ ನಹಾರ್ ಕೇಳಿದ. ಶೇಖ್ ಎದ್ದು ನಿಂತು, ಆಕಾಶ ಭೂಮಿಗಳನ್ನು ಕರೆದು, ಪ್ರವಾದಿಯ ಹೆಸರು ಹಿಡಿದು, ದಾರಿ ತಪ್ಪಿದ ಒಬ್ಬ ಯುವಕನ ತಪ್ಪನ್ನು ಮನ್ನಿಸಿ ಎಂದ. ದಾರಿ ತಪ್ಪಿದ ಎನ್ನುವಾಗ ಅವನ ಕೈ ದೈಫಲ್ಲಾ ಕೂತ ಮೂಲೆಯನ್ನು ತೋರಿಸಿತು. ಎಲ್ಲರೂ ನೋಡಿದರು. ಮಗಳು ಹೇಳಿದ್ದು ನೆನಪಾಗಿ ಅವನು ಹೆಗಲ ಸುಕ್ಕನ್ನು ಕೈಯಿಂದ ಸವರಿಕೊಂಡ.

"ಅಲ್ಲಾನಿಗಾಗಿ ಮನ್ನಿಸಿದೀವಿ. ನಿಮ್ಮ ಕಾಫಿ ಕುಡೀರಿ," ಎಂದ ಅಬೂ ನಹಾರ್, ಯಾರ ಮುಖವನ್ನೂ ನೋಡದೆ.

ಶೇಖ್ ಕುಡಿದ. ಎರಡನೆಯ ಬಟ್ಟಲು ದೈಫಲ್ಲಾನಿಗೆ. ಅದನ್ನು ಅವನು ಎದ್ದು ನಿಂತು, ಕೊಂದವರ ಕಡೆಯವನಾಗಿ ಕುಡಿಯಬೇಕು. ಕಿವಿಯಿಲ್ಲದ ಪುಟ್ಟ ಬಿಳಿ ಬಟ್ಟಲು. ತಳದಲ್ಲಿ ಒಂದೇ ಗುಟುಕು ಕಪ್ಪು. ಬೆರಳಿಗೆ ಬಿಸಿ ತಾಗಿತು. ಅವನು ತುಟಿಯ ತನಕ ಎತ್ತಿದ. ಏಲಕ್ಕಿಯ ವಾಸನೆ ಬಂತು. ಮೂಗಿನ ಕಾಟವಲ್ಲ, ನಿಜವಾದದ್ದೇ. ಆಗ ಅವನ ಕಾಲುಗಳು ಅವನನ್ನು ಕೇಳದೆ ಮುಂದೆ ನಡೆದವು. ಎರಡು ಸಾಲುಗಳ ನಡುವಿನ ಬಯಲನ್ನು ದಾಟಿ ಅಬೂ ನಹಾರ್‌ನ ಎದುರು ನಿಂತ.

"ಇದನ್ನ ನಾನು ಒಂದ್ಸಲ ಕುಡಿದಿದ್ದೆ," ಎಂದ. ಮಾತು ಅರ್ಧ ಉಸಿರಾಗಿ ಹೊರಟಿತು. "ಅದು ನನ್ನದಾಗಿರಲಿಲ್ಲ. ವಾಪಸ್ ಕೊಡೋಕೆ ಬಂದಿದೀನಿ. ಯಾರದು ಅಂತ ಬಲ್ಲವನು ಕುಡೀಲಿ."

ಅಬೂ ನಹಾರ್ ತಲೆಯೆತ್ತಿ ಅವನನ್ನು ನೋಡಿದ. ಒಂದು ಕ್ಷಣ ಅವನು ಬಟ್ಟಲನ್ನು ತಟ್ಟಿ ಬೀಳಿಸುತ್ತಾನೆ ಎನಿಸಿತು. ಬೀಳಿಸಲಿ ಎಂದು ದೈಫಲ್ಲಾ ಮನಸ್ಸಿನಲ್ಲೇ ಬೇಡಿದ. ಬೀಳಿಸಿದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಆದರೆ ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದುಬಿಟ್ಟ. ಕುಡಿದು ಬಟ್ಟಲನ್ನು ಎದೆಗೆ ಒತ್ತಿಕೊಂಡ. ಕಣ್ಣಿನಿಂದ ನೀರು ಇಳಿಯಿತು.

ಎಲ್ಲರಿಗೂ ಕಂಡದ್ದು ಅಷ್ಟೆ. ಮಾತು ಯಾರಿಗೂ ಕೇಳಿರಲಿಲ್ಲ.

"ಅಲ್ಲಾಹು ಅಕ್ಬರ್!" ಎಂದು ಶೇಖ್ ಗಾಲಿಬ್ ಕೂಗಿದ. "ನೋಡಿದ್ರಾ ಜನರೇ! ಕೊಂದವನ ಅಪ್ಪ ತನ್ನ ಬಟ್ಟಲನ್ನ ಮಗನ್ನ ಕಳಕೊಂಡವನಿಗೆ ಕೊಟ್ಟ, ಅವನು ಅದನ್ನ ಕುಡಿದ! ಇಂಥಾ ರಾಜಿ ಯಾವ ಸೀಮೇಲಿ ಆಗಿದೆ?" ಒಳಮನೆಯಿಂದ ಹೆಂಗಸರ ಹರ್ಷದ ಉಲಿ ಎದ್ದಿತು. ಯಾರೋ ದೈಫಲ್ಲಾನ ಹೆಗಲಿಗೆ ಮುತ್ತಿಟ್ಟರು, ಇನ್ನಾರೋ ಅಪ್ಪಿಕೊಂಡರು. ಖಲಫ್ ಅಳುತ್ತಲೂ ನಗುತ್ತಲೂ ಫೋನಿನಲ್ಲಿ ಎಲ್ಲರಿಗೂ ಸುದ್ದಿ ಹೇಳುತ್ತಿದ್ದ. ಅಧಿಕಾರಿಯ ಮುಂದೆ ಜಾಮೀನುದಾರರು ಸಹಿ ಹಾಕಿದರು. ದೈಫಲ್ಲಾನ ಸಹಿ ಯಾರಿಗೂ ಬೇಕಿರಲಿಲ್ಲ. ಅಲ್ಲ, ಹಾಗಲ್ಲ, ಕೇಳಿ ಎಂದು ಹೇಳಲು ಅವನು ಬಾಯಿ ತೆರೆದ. ತೆರೆದ ಬಾಯಿಯಲ್ಲಿ ವದ್‌ಹಾಳ ಮಾತು ಅಡ್ಡ ನಿಂತಿತು, ಬಾಗಿಲ ಚೌಕಟ್ಟಿನ ಮೇಲಿನ ಅಮ್ಶಾಳ ಬೆರಳುಗಳು ಅಡ್ಡ ನಿಂತವು. ಎದುರಿಗೆ ಮೊಸರಿನಲ್ಲಿ ಬೇಯಿಸಿದ ಕುರಿಯ ಹರಿವಾಣ ಬಂತು. ಶೇಖ್ ತನ್ನ ಕೈಯಾರೆ ಮೆತ್ತಗಿನ ಮಾಂಸ ಬಿಡಿಸಿ ಅವನ ಮುಂದೆ ಹಾಕಿ, ತಿನ್ನಯ್ಯಾ, ಇವತ್ತು ನೀನೇ ದೊಡ್ಡವನು ಎಂದ. ಅವನು ತಿಂದ. ಹಸಿವೂ ಆಗಿತ್ತು. ಅದೇ ಅವನಿಗೆ ಎಲ್ಲಕ್ಕಿಂತ ನಾಚಿಕೆಯೆನಿಸಿತು.

ಅಂದು ಜೈಲಿನಲ್ಲಿ ಭೇಟಿಯ ದಿನವೂ ಆಗಿತ್ತು. ಖಲಫ್ ಕಾರನ್ನು ಅಲ್ಲಿಗೇ ಬಿಟ್ಟ. ದಾರಿಯುದ್ದಕ್ಕೂ ದೈಫಲ್ಲಾ ಒಂದು ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ತೂಗುತ್ತಿದ್ದ. ನಾನು ಕುಡಿಯಲಿಲ್ಲ. ಅದು ನಿಜ. ಯಾವ ಆಣೆಯ ಮೇಲೂ ನಿಜ. ಉಳಿದದ್ದನ್ನು ಮಗ ಹೊರಗೆ ಬಂದ ಮೇಲೆ, ಅಂಜೂರದ ನೆರಳಿನಲ್ಲಿ ಕೂರಿಸಿಕೊಂಡು ಹೇಳಿದರಾಯಿತು. ಹೊರಗಿನ ಕಾವಲಿನವನು ಎಂದಿನಂತೆ ಅಮ್ಶಾ ಕಟ್ಟಿಕೊಟ್ಟ ದ್ರಾಕ್ಷಿ ಎಲೆಯ ಸುರುಳಿಗಳನ್ನು ಪೆನ್ನಿನ ಹಿಂಬದಿಯಿಂದ ಒಂದೊಂದಾಗಿ ಬಗೆದು ನೋಡಿದ. ಅನ್ನವೆಲ್ಲ ಹೊರಗೆ ಬಂತು. ಇವತ್ತು ಅದೂ ಅವನಿಗೆ ಚುಚ್ಚಲಿಲ್ಲ.

ಹಾಯಿಲ್ ಗಾಜಿನ ಆಚೆ ಕೂತು ಫೋನು ಎತ್ತಿಕೊಂಡ. ಅಪ್ಪನ ಹೆಗಲ ಮೇಲಿನ ಅಂಗಿಯನ್ನು ನೋಡಿದ.

"ಹೋಗಿದ್ದೆಯಾ?"

"ಹೋಗಿದ್ದೆ."

"ಕುಡಿದೆಯಾ?"

"ಇಲ್ಲ."

"ಅಲ್ಲಾನ ಆಣೆಗೂ?"

"ಅಲ್ಲಾನ ಆಣೆಗೂ ಕುಡೀಲಿಲ್ಲ ಮಗನೇ."

ಹಾಯಿಲ್‌ನ ಮುಖದಲ್ಲಿ ಏನೋ ಸಡಿಲವಾಯಿತು. ಮೊದಲು ಗಲ್ಲ, ಆಮೇಲೆ ತುಟಿ. ಅವನು ನಕ್ಕ. ಟೊಮೇಟೊ ಸಾಲಿನ ನಡುವಿನಿಂದ ಎತ್ತಿಕೊಂಡು ಹೋದ ದಿನದಿಂದ ಆ ನಗುವನ್ನು ದೈಫಲ್ಲಾ ಕಂಡಿರಲಿಲ್ಲ. ಮುಂದಿನ ಹಲ್ಲು ಸ್ವಲ್ಪ ವಾರೆ, ವದ್‌ಹಾಳದ್ದೇ ನಗು. "ಅಪ್ಪಾ," ಎಂದ ಹಾಯಿಲ್, "ನನಗೀಗ ಎಷ್ಟು ವರ್ಷ ಆದ್ರೂ..."

ಅವನ ಹಿಂದೆ ಬಾಗಿಲು ತೆರೆಯಿತು. ದಪ್ಪ ಮೀಸೆಯ ಕಾವಲಿನವನು ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತ ಒಳಗೆ ಬಂದು ಹಾಯಿಲ್‌ನ ಬೆನ್ನಿಗೆ ಬಲವಾಗಿ ತಟ್ಟಿದ. ಅವನ ಮಾತು ಮಗನ ಕೈಯಲ್ಲಿದ್ದ ಫೋನಿನ ಮೂಲಕವೇ ದೈಫಲ್ಲಾನ ಕಿವಿಗೆ ಬಂತು, ದೂರದಿಂದ ಬಂದ ಹಾಗೆ. "ಮಬ್ರೂಕ್ ಕಣೋ, ಒಳ್ಳೇದಾಯ್ತು! ನಿಮ್ಮೂರಿಂದ ನಮ್ಮ ಭಾವ ಈಗ ಫೋನ್ ಮಾಡಿದ್ದ. ರಾಜಿ ಆಯ್ತಂತೆ. ನಿಮ್ಮಪ್ಪ ತಪ್ಪು ಒಪ್ಕೊಂಡ ರೀತಿ ನೋಡಿ ಊರೇ ಅತ್ತಿತಂತೆ. ನೀನು ಮಾಡಿದ್ದನ್ನ ಅವರು ಮನ್ನಿಸಿಬಿಟ್ರು. ಹೋಗು, ಗಂಟು ಕಟ್ಕೋ."

ಹಾಯಿಲ್ ಕಾವಲಿನವನ ಕಡೆ ತಿರುಗಲಿಲ್ಲ. ಅಪ್ಪನನ್ನೇ ನೋಡುತ್ತಿದ್ದ. ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಮುಖದ ಮೇಲೆ ಉಳಿದಿತ್ತು. "ಕುಡೀಲಿಲ್ಲ, ಹಾಯಿಲ್, ಕೇಳು, ಕುಡಿದಿದ್ದು ಅವನು, ಅವನಿಗೆ ಗೊತ್ತು," ಎಂದು ದೈಫಲ್ಲಾ ಫೋನಿನೊಳಗೆ ಹೇಳತೊಡಗಿದ. ಅಷ್ಟರಲ್ಲಿ ಮಗ ತನ್ನ ಫೋನನ್ನು ಕಿವಿಯಿಂದ ಕೆಳಗಿಳಿಸಿದ್ದ. ಸಿಟ್ಟಿನಿಂದ ಎಸೆಯಲಿಲ್ಲ. ಎರಡೂ ಕೈಗಳಿಂದ, ತುಟಿಗೆ ತಾಗಿಸದ ಬಟ್ಟಲನ್ನು ಇಡುವ ಹಾಗೆ, ಮೆಲ್ಲಗೆ ತನ್ನ ಮುಂದಿನ ಹಲಗೆಯ ಮೇಲೆ ಇಟ್ಟ. ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ಕಾಯುತ್ತ ಕೂತ.

ಹಾಗೆ ಇಟ್ಟವನನ್ನು ಏನು ಬೇಕು ಎಂದು ಎದುರಿಗಿದ್ದವನು ಕೇಳಲೇಬೇಕು.

ದೈಫಲ್ಲಾ ಕೇಳಿದ. ಅಂಗೈಯನ್ನು ಗಾಜಿಗೆ ಒತ್ತಿ, ಮತ್ತೆ ಕೇಳಿದ. ಗಾಜು ದಪ್ಪವಾಗಿತ್ತು.